ಚಿನ್ನದ ಚುಕ್ಕಿ ಇಡೋದು ಸುಲಭ, ಅದೇ ಚುಕ್ಕಿಯನ್ನು ಮತ್ತೆ ಇಡೋದು ಕಷ್ಟ

ಬಸವೇಶ್ವರನಗರದ ಹಾವನೂರು ಸರ್ಕಲ್ ಸುತ್ತಮುತ್ತ ಯಾವ ಮೆಡಿಕಲ್ ಶಾಪಿಗೆ ಹೋದರೂ ಗರ್ಭ ಪರೀಕ್ಷೆಯ ಕಿಟ್ ಸಿಗುತ್ತೆ. ಕೆಲವು ಹನಿ ಮೂತ್ರ ಹಾಕಿ ಕೆಲವು ನಿಮಿಷ ಕಾದರೆ ಕೆಂಪು ಗೆರೆ ಮೂಡುತ್ತೆ. ಒಂದು ಗೆರೆಯಾದರೆ ಇಲ್ಲ, ಎರಡಾದರೆ ಹೌದು. ಇಂಥ ಬಹುತೇಕ ಕಿಟ್‌ಗಳಲ್ಲಿ ಆ ಕೆಂಪು ಯಾವುದೋ ಬಟ್ಟೆಯ ಬಣ್ಣ ಅಲ್ಲ, ಅದು ಚಿನ್ನ. ಸುಮಾರು 40 ನ್ಯಾನೋಮೀಟರ್ ಗಾತ್ರದ, ಅಂದರೆ ಕೂದಲೆಳೆಯ ದಪ್ಪದ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣ ಚಿನ್ನದ ಕಣಗಳು.

ಲೋಹವನ್ನು ಇಷ್ಟು ಸಣ್ಣದಾಗಿ ಮಾಡಿ, ಅದರ ಮೇಲೆ ಬೆಳಕು ಬಿಟ್ಟು, ರೋಗ, ವಿಷ, ಕಲಬೆರಕೆ ಪತ್ತೆ ಹಚ್ಚುವ ಸಂಶೋಧನೆ ಜಗತ್ತಿನಾದ್ಯಂತ ನಡೀತಿದೆ. ಬೆಂಗಳೂರಿನಲ್ಲೂ ನಡೀತಿದೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವಳು ಅನ್ನೋ ಕಾರಣಕ್ಕೆ ಈ ವಿಷಯದ ಪತ್ರಿಕಾ ಪ್ರಕಟಣೆಗಳು ನನ್ನ ಇನ್‌ಬಾಕ್ಸ್‌ಗೆ ಆಗಾಗ ಬಂದು ಬೀಳುತ್ತವೆ. ಎಲ್ಲದರಲ್ಲೂ ಒಂದೇ ಸಾಲು: ನೂರು ಕೋಟಿಯಲ್ಲಿ ಒಂದು ಭಾಗ ಇದ್ದರೂ ಕಂಡುಹಿಡಿಯುವ ಹೊಸ ಸೆನ್ಸರ್. ಓದಿದಾಗೆಲ್ಲ ನನಗೆ ಹುಟ್ಟುವುದು ಒಂದೇ ಪ್ರಶ್ನೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಪಶ್ಚಿಮ ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತುಕೊಂಡು ವೃಷಭಾವತಿ ಕಾಮಾಕ್ಷಿಪಾಳ್ಯ, ಮೈಸೂರು ರಸ್ತೆ, ಕೆಂಗೇರಿ ದಾಟಿ ಬಿಡದಿ ಬಳಿಯ ಭೈರಮಂಗಲ ಕೆರೆಗೆ ಹೋಗುತ್ತೆ. ಹಾಗಿದ್ದಮೇಲೆ ಮನೆಯ ಬೋರ್‌ವೆಲ್ ನೀರಿಗೆ ಅದ್ದಿ ನೋಡುವ ಅಂಥ ಒಂದು ಪಟ್ಟಿ ಅದೇ ಮೆಡಿಕಲ್ ಶಾಪಿನಲ್ಲಿ ಯಾಕೆ ಸಿಗಲ್ಲ?

ಉತ್ತರ ಬೆಳಕಿನ ವಿಜ್ಞಾನದಲ್ಲಿಲ್ಲ. ಅದು ಹೆಚ್ಚುಕಮ್ಮಿ ಬಗೆಹರಿದ ವಿಷಯ. ಉತ್ತರ ಇರೋದು ತಯಾರಿಕೆಯಲ್ಲಿ.

ಚಿನ್ನ ಕೆಂಪಾಗೋದು ಯಾಕೆ?

ಲೋಹದೊಳಗೆ ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುವ ಎಲೆಕ್ಟ್ರಾನ್‌ಗಳಿರುತ್ತವೆ. ಬೆಳಕು ಅಂದರೆ ಅಲೆಯಲೆಯಾಗಿ ಬರುವ ವಿದ್ಯುತ್ ಕ್ಷೇತ್ರ. ಕಣ ಸಣ್ಣದಾಗಿದ್ದರೆ ಬೆಳಕು ಅದರ ಎಲ್ಲ ಎಲೆಕ್ಟ್ರಾನ್‌ಗಳನ್ನೂ ಒಟ್ಟಿಗೆ ಅತ್ತಿತ್ತ ತೂಗುತ್ತೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಜೋರಾಗಿ ಜೀಕುತ್ತಲ್ಲ, ಹಾಗೆ ಒಂದು ನಿರ್ದಿಷ್ಟ ಬಣ್ಣದ ಬೆಳಕಿಗೆ ಈ ತೂಗಾಟ ಜೋರಾಗುತ್ತೆ. ಆ ಬಣ್ಣವನ್ನು ಕಣ ಹೀರಿ, ಚದುರಿಸಿಬಿಡುತ್ತೆ. ಈ ತೂಗಾಟಕ್ಕೆ ಪ್ಲಾಸ್ಮಾನ್ ಅನುರಣನ ಅಂತ ಹೆಸರು.

ನೀರಿನಲ್ಲಿರುವ 20 ನ್ಯಾನೋಮೀಟರ್ ಚಿನ್ನದ ಗುಂಡಿಗೆ ಇದು ಸುಮಾರು 520 ನ್ಯಾನೋಮೀಟರ್ ತರಂಗದೂರದಲ್ಲಿ, ಅಂದರೆ ಹಸಿರು ಬೆಳಕಿನಲ್ಲಿ ಆಗುತ್ತೆ. ಹಸಿರು ಹೋದಮೇಲೆ ಉಳಿಯೋದು ಕೆಂಪು. ಬೆಳ್ಳಿಗಾದರೆ 400ರ ಆಸುಪಾಸಿನಲ್ಲಿ, ಹಾಗಾಗಿ ಬೆಳ್ಳಿಯ ದ್ರಾವಣ ಹಳದಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ 4ನೇ ಶತಮಾನದ ರೋಮನ್ ಲೈಕರ್ಗಸ್ ಬಟ್ಟಲು ಹೊರಗಿನ ಬೆಳಕಿನಲ್ಲಿ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ಗಾಜಿನೊಳಗೆ ಚಿನ್ನ, ಬೆಳ್ಳಿಯ ನ್ಯಾನೋ ಕಣಗಳಿವೆ. ಮಾಡಿದವರಿಗೆ ಕಾರಣ ಗೊತ್ತಿರಲಿಲ್ಲ. ಕೆಂಪು ಬಣ್ಣ ಅತಿ ಸಣ್ಣ ಚಿನ್ನದ ಕಣಗಳಿಂದ ಬರುತ್ತೆ ಅಂತ ಮೈಕೆಲ್ ಫ್ಯಾರಡೆ ಹೇಳಿದ್ದು 1857ರಲ್ಲಿ.

ಪತ್ತೆಯ ಎರಡು ದಾರಿ

ಮೊದಲನೆಯದು, ಬಣ್ಣದ ಸರಿದಾಟ. ಕಣದ ಮೈಮೇಲೆ ಏನಾದರೂ ಬಂದು ಕೂತರೆ ಆ ಅನುರಣನ ಸ್ವಲ್ಪ ಕೆಂಪಿನ ಕಡೆ ಸರಿಯುತ್ತೆ. ಒಂದು ಪದರ ಪ್ರೋಟೀನ್ ಕೂತರೆ ಸರಿಯೋದು ಕೆಲವೇ ನ್ಯಾನೋಮೀಟರ್. ಎರಡು ಕಣಗಳು ತೀರ ಹತ್ತಿರ ಬಂದರೆ ಮಾತ್ರ ದೊಡ್ಡ ಬದಲಾವಣೆ. ಕೆಂಪು ದ್ರಾವಣ ಬರಿಗಣ್ಣಿಗೆ ಕಾಣುವಂತೆ ನೀಲಿಯಾಗಿಬಿಡುತ್ತೆ.

ಎರಡನೆಯದಕ್ಕೆ ನಮ್ಮೂರಿನ ನಂಟಿದೆ. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಕಂಡ ಪರಿಣಾಮ ಪ್ರತಿ ಅಣುವಿಗೂ ಅದರದೇ ಬೆರಳಚ್ಚು ಕೊಡುತ್ತೆ. ಚದುರಿದ ಬೆಳಕಿನ ಬಣ್ಣ ನೋಡಿ ಇದು ಯಾವ ಅಣು ಅಂತ ಹೇಳಬಹುದು. ತೊಂದರೆ ಏನಂದರೆ ಅದು ಬಹಳ ಕ್ಷೀಣ. ಸುಮಾರು ಒಂದು ಕೋಟಿ ಬೆಳಕಿನ ಕಣ ಬಿದ್ದರೆ ಒಂದು ಹಾಗೆ ಚದುರುತ್ತೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ರಾಮನ್ 1970ರಲ್ಲಿ ಇಲ್ಲೇ ತೀರಿಕೊಂಡರು. ಅದಾಗಿ ನಾಲ್ಕೇ ವರ್ಷಕ್ಕೆ, 1974ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಾರ್ಟಿನ್ ಫ್ಲೈಷ್‌ಮನ್ ಮತ್ತು ಸಂಗಡಿಗರು ತರಿತರಿಯಾದ ಬೆಳ್ಳಿಯ ಮೇಲೆ ಕೂತ ಪಿರಿಡಿನ್ ಅಣುಗಳಿಂದ ಜೋರಾದ ರಾಮನ್ ಸಂಕೇತ ಪಡೆದರು. ಇದು ಬರೀ ಹೆಚ್ಚು ಅಣು ಕೂತಿದ್ದರಿಂದ ಆದದ್ದಲ್ಲ, ಲೋಹವೇ ಸಂಕೇತವನ್ನು ಲಕ್ಷಾಂತರ ಪಟ್ಟು ಹಿಗ್ಗಿಸಿದೆ ಅಂತ 1977ರಲ್ಲಿ ಎರಡು ಬೇರೆ ಬೇರೆ ತಂಡಗಳು ತೋರಿಸಿದವು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಚಂದ್ರಭಾಸ ನಾರಾಯಣ ಅವರ ತಂಡ ವರ್ಷಗಳ ಕಾಲ ಕೆಲಸ ಮಾಡಿದ್ದು ಇದೇ ವಿಷಯದಲ್ಲಿ.

ಈ ಹಿಗ್ಗುವಿಕೆ ಆಗೋದು ಎರಡು ಲೋಹದ ತುದಿಗಳ ನಡುವಿನ, ಹತ್ತು ನ್ಯಾನೋಮೀಟರ್‌ಗಿಂತ ಕಿರಿದಾದ ಸಂದಿಯಲ್ಲಿ. ಅಲ್ಲಿ ವಿದ್ಯುತ್ ಕ್ಷೇತ್ರ ದಟ್ಟವಾಗಿರುತ್ತೆ. ಸಂಕೇತ ಸರಿಸುಮಾರು ಆ ಕ್ಷೇತ್ರದ ನಾಲ್ಕನೇ ಘಾತದಂತೆ ಏರುತ್ತೆ. ಉಲ್ಟಾ ಲೆಕ್ಕ ಹಾಕಿ: ಸಂದಿ ಸ್ವಲ್ಪ ಅಗಲವಾಗಿ ಕ್ಷೇತ್ರ ಅರ್ಧಕ್ಕೆ ಇಳಿದರೆ ಸಂಕೇತ ಹದಿನಾರನೇ ಒಂದು ಪಾಲಿಗೆ ಇಳಿಯುತ್ತೆ. ಇಡೀ ಕಥೆಯ ಗಂಟು ಇರೋದು ಇಲ್ಲಿ.

ರಂಗೋಲಿ ಅಚ್ಚಿನ ದಾರಿ

ಬೇಕಾದ ಆಕಾರ ಬೇಕಾದ ಜಾಗದಲ್ಲೇ ಬರಬೇಕು ಅಂದರೆ ಎಲೆಕ್ಟ್ರಾನ್ ಬೀಮ್ ಲಿಥೋಗ್ರಫಿ. ಬಸವೇಶ್ವರನಗರದಿಂದ ಆರೇಳು ಕಿಲೋಮೀಟರ್ ದೂರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರದಲ್ಲಿ ಇದಕ್ಕೆ ಬೇಕಾದ ಕ್ಲೀನ್ ರೂಮ್ ಇದೆ. ಮೈ ಪೂರ್ತಿ ಮುಚ್ಚುವ ಬಿಳಿ ಸೂಟು ಹಾಕಿಕೊಂಡೇ ಒಳಗೆ ಹೋಗಬೇಕು. ಒಂದು ಧೂಳಿನ ಕಣ ಬಿದ್ದರೆ ಸಾವಿರಾರು ಚುಕ್ಕಿ ಹಾಳು.

ಕೆಲಸದ ಕ್ರಮ ಹೀಗಿದೆ. ಮನೆ ಮುಂದೆ ತೂತಿನ ಅಚ್ಚಿಟ್ಟು ರಂಗೋಲಿ ಪುಡಿ ಉದುರಿಸೋದನ್ನು ನೆನಪಿಸಿಕೊಂಡರೆ ಸಾಕು.

ಒಂದು, ಗಾಜಿನ ಅಥವಾ ಸಿಲಿಕಾನ್ ಬಿಲ್ಲೆಯನ್ನು ಚೆನ್ನಾಗಿ ತೊಳೆದು, ಅದರ ಮೇಲೆ ರೆಸಿಸ್ಟ್ ಅನ್ನೋ ಪಾಲಿಮರ್ ದ್ರಾವಣ ಹಾಕಿ ಗಿರ್ರನೆ ತಿರುಗಿಸುತ್ತಾರೆ. ನೂರಿನ್ನೂರು ನ್ಯಾನೋಮೀಟರ್ ದಪ್ಪದ ಸಮನಾದ ಪದರ ಕೂರುತ್ತೆ. ಅಕ್ರಿಲಿಕ್ ಶೀಟ್ ಅಂತ ನಾವು ಕರೆಯುವ ಪ್ಲಾಸ್ಟಿಕ್ಕೇ ಇಲ್ಲಿ ಹೆಚ್ಚಾಗಿ ಬಳಸುವ ರೆಸಿಸ್ಟ್. ಆಮೇಲೆ ಬಿಸಿ ಮಾಡಿ ಒಣಗಿಸುತ್ತಾರೆ. ಗಾಜು ವಿದ್ಯುತ್ ಹರಿಸಲ್ಲವಾದ್ದರಿಂದ ಅದರ ಮೇಲೆ ಎಲೆಕ್ಟ್ರಾನ್‌ಗಳು ಜಮೆಯಾಗಿ ಕಿರಣವನ್ನೇ ಪಕ್ಕಕ್ಕೆ ತಳ್ಳುತ್ತವೆ. ಅದಕ್ಕೆ ಮೇಲೊಂದು ತೆಳು ವಾಹಕ ಪದರ ಬೇಕು.

ಎರಡು, ಎಲೆಕ್ಟ್ರಾನ್ ಕಿರಣವನ್ನು ಲೇಖನಿಯ ಹಾಗೆ ಹಿಡಿದು ಚುಕ್ಕಿ ಬರೆಯುತ್ತಾರೆ. ಕಿರಣ ಬಿದ್ದ ಕಡೆ ಪಾಲಿಮರ್ ಸರಪಳಿ ತುಂಡಾಗುತ್ತೆ, ಡೆವಲಪರ್‌ನಲ್ಲಿ ಅದ್ದಿದರೆ ಅಷ್ಟೇ ಭಾಗ ಕರಗಿ ತೂತಾಗುತ್ತೆ. ರಂಗೋಲಿ ಅಚ್ಚು ಸಿದ್ಧ.

ಮೂರು, ನಿರ್ವಾತ ಪೆಟ್ಟಿಗೆಯೊಳಗೆ ಲೋಹ ಕಾಯಿಸಿ ಆವಿ ಮಾಡಿ ಕೂರಿಸುತ್ತಾರೆ. ಚಿನ್ನ ಗಾಜಿಗೆ ಅಂಟಲ್ಲ, ಉಜ್ಜಿದರೆ ಉದುರುತ್ತೆ. ಹಾಗಾಗಿ ಮೊದಲು ಎರಡರಿಂದ ಐದು ನ್ಯಾನೋಮೀಟರ್ ಕ್ರೋಮಿಯಂ ಅಥವಾ ಟೈಟಾನಿಯಂ, ಅದರ ಮೇಲೆ ಮೂವತ್ತರಿಂದ ಐವತ್ತು ನ್ಯಾನೋಮೀಟರ್ ಚಿನ್ನ. ಅಂಟಿನ ಪದರ ದಪ್ಪವಾದರೆ ಎಲೆಕ್ಟ್ರಾನ್‌ಗಳ ತೂಗಾಟ ಮಂಕಾಗುತ್ತೆ, ತೆಳುವಾದರೆ ಚುಕ್ಕಿ ಕಿತ್ತು ಬರುತ್ತೆ.

ನಾಲ್ಕು, ಅಸಿಟೋನ್‌ನಲ್ಲಿ ನೆನೆಸಿಡುತ್ತಾರೆ. ಉಳಿದ ರೆಸಿಸ್ಟ್ ಕರಗಿ, ಅದರ ಮೇಲಿದ್ದ ಚಿನ್ನವೂ ಎದ್ದು ಹೋಗುತ್ತೆ. ತೂತಿನೊಳಗೆ ಬಿದ್ದದ್ದು ಮಾತ್ರ ಗಾಜಿನ ಮೇಲೆ ನಿಲ್ಲುತ್ತೆ. ಅಚ್ಚು ಎತ್ತಿದರು, ರಂಗೋಲಿ ಉಳಿಯಿತು.

ಚಿನ್ನ ಅಂದಕೂಡಲೇ ದುಬಾರಿ ಅನ್ನಬೇಡಿ. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ 40 ನ್ಯಾನೋಮೀಟರ್ ಚಿನ್ನ ಬಳಿದರೆ ಆಗುವ ತೂಕ 0.077 ಮಿಲಿಗ್ರಾಂ. ಒಂದು ಗ್ರಾಂ ಚಿನ್ನ ಸುಮಾರು 13,000 ಚಿಪ್‌ಗೆ ಸಾಕು. ಆವಿಯ ಬಹುಪಾಲು ಪೆಟ್ಟಿಗೆಯ ಗೋಡೆಗೆ ಅಂಟುತ್ತೆ ನಿಜ, ಅದನ್ನು ಕೆರೆದು ಮತ್ತೆ ಬಳಸಬಹುದು.

ದುಬಾರಿ ಆಗೋದು ಹೊತ್ತು. 300 ನ್ಯಾನೋಮೀಟರ್‌ಗೆ ಒಂದರಂತೆ ಚುಕ್ಕಿ ಇಟ್ಟರೆ ಒಂದು ಚದರ ಸೆಂಟಿಮೀಟರಿನಲ್ಲಿ 110 ಕೋಟಿಗೂ ಹೆಚ್ಚು ಚುಕ್ಕಿ. ಐದನೇ ಒಂದು ಭಾಗ ಜಾಗ ಬರೆಯಬೇಕು, ಪ್ರತಿ ಚದರ ಸೆಂಟಿಮೀಟರಿಗೆ 300 ಮೈಕ್ರೋಕೂಲಂಬ್ ಬೇಕು, ಕಿರಣದ ಪ್ರವಾಹ ಒಂದು ನ್ಯಾನೋಆಂಪಿಯರ್ ಅಂತ ಇಟ್ಟುಕೊಳ್ಳಿ. ಒಂದು ಚಿಪ್ ಬರೆಯೋಕೆ ಹೆಚ್ಚುಕಮ್ಮಿ 17 ಗಂಟೆ! ಪ್ರವಾಹ ಹೆಚ್ಚಿಸಿದರೆ ಬೇಗ ಆಗುತ್ತೆ, ಆದರೆ ಗೆರೆ ದಪ್ಪವಾಗುತ್ತೆ. ಸಂಶೋಧನೆಗೆ ಇದು ಸರಿ. ಅಂಗಡಿಯಲ್ಲಿ ಮಾರುವ ಪಟ್ಟಿಗೆ ಆಗದ ಮಾತು.

ಅಗ್ಗದ ದಾರಿಗಳು ಇಲ್ಲವೇ? ಇವೆ

ಎಲ್ಲಕ್ಕಿಂತ ಅಗ್ಗದ್ದು ಪಾತ್ರೆಯಲ್ಲಿ ಕುದಿಸೋದು. 1951ರಲ್ಲಿ ಜಾನ್ ಟರ್ಕೆವಿಚ್ ತಂಡ ಪ್ರಕಟಿಸಿದ ವಿಧಾನ ಇವತ್ತಿಗೂ ನಡೆಯುತ್ತೆ. ಚಿನ್ನದ ಕ್ಲೋರೈಡ್‌ನ ತಿಳಿ ದ್ರಾವಣ ಕುದಿಯುವಾಗ ಸೋಡಿಯಂ ಸಿಟ್ರೇಟ್ ಹಾಕಿದರೆ ಕೆಲವೇ ನಿಮಿಷಕ್ಕೆ ಮಾಣಿಕ್ಯದ ಕೆಂಪು. ಕಾಲೇಜು ಲ್ಯಾಬಿನಲ್ಲೂ ಮಾಡಬಹುದು.

ಇನ್ನೊಂದು, ಐದರಿಂದ ಹತ್ತು ನ್ಯಾನೋಮೀಟರ್ ಚಿನ್ನದ ಪದರ ಬಳಿದು ಬಿಸಿ ಮಾಡೋದು. ಕಾದ ಕಾವಲಿ ಮೇಲೆ ನೀರು ಮುತ್ತುಮುತ್ತಾಗುವ ಹಾಗೆ ಪದರ ಹರಿದು ದ್ವೀಪಗಳಾಗುತ್ತೆ. ಅಚ್ಚೇ ಬೇಡ. ಆದರೆ ದ್ವೀಪಗಳ ಗಾತ್ರ ಒಂದೊಂದು ಒಂದೊಂದು ಥರ.

ಮೂರನೆಯದು, ಪ್ಲಾಸ್ಟಿಕ್ ಗುಂಡುಗಳನ್ನು ಗಾಜಿನ ಮೇಲೆ ಒತ್ತಾಗಿ ಒಂದೇ ಸಾಲಿಗೆ ಹರಡಿ, ಮೇಲಿಂದ ಲೋಹ ಬಿಡೋದು. ತಟ್ಟೆಯಲ್ಲಿ ಸಬ್ಬಕ್ಕಿ ಹರಡಿ ಪುಡಿ ಉದುರಿಸಿದರೆ ಸಂದಿಯಲ್ಲಿ ಮಾತ್ರ ಬೀಳುತ್ತಲ್ಲ, ಹಾಗೆ ತ್ರಿಕೋನಾಕಾರದ ಚುಕ್ಕಿಗಳು ಉಳಿಯುತ್ತವೆ. ಅಮೆರಿಕದ ರಿಚರ್ಡ್ ವ್ಯಾನ್ ಡೈನ್ ತಂಡ ಇದನ್ನು 1995ರ ಹೊತ್ತಿಗೆ ಬೆಳೆಸಿತು. ಬೆಂಗಳೂರಿನಲ್ಲೂ ಇದೇ ಯೋಚನೆಯ ಸೋದರಸಂಬಂಧಿಯೊಂದು ಹುಟ್ಟಿದೆ. ಒಣಗುವಾಗ ಕೆರೆಯ ಕೆಸರಿನಂತೆ ಬಿರುಕು ಬಿಡುವ ಪದರವನ್ನೇ ಅಚ್ಚಾಗಿಸಿ, ಬಿರುಕಿನೊಳಗೆ ಲೋಹ ತುಂಬಿ ಪಾರದರ್ಶಕ ವಿದ್ಯುದ್ವಾರ ಮಾಡುವ ವಿಧಾನವನ್ನು ಜಿ.ಯು. ಕುಲಕರ್ಣಿ ಅವರ ತಂಡ ಜಕ್ಕೂರಿನ ಕೇಂದ್ರದಲ್ಲಿ ರೂಪಿಸಿತು. ಜಾಲಹಳ್ಳಿಯಲ್ಲಿದ್ದು ಈಗ ಶಿವನಪುರದಲ್ಲಿರುವ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರದಲ್ಲಿ ಆ ಕೆಲಸ ಮುಂದುವರಿಯಿತು. ಅದು ಸೆನ್ಸರ್‌ಗಾಗಿ ಮಾಡಿದ್ದಲ್ಲ, ಗೆರೆಗಳೂ ಇಷ್ಟು ಸಣ್ಣವಲ್ಲ. ಆದರೆ ದುಬಾರಿ ಯಂತ್ರ ಮಾಡುವ ಕೆಲಸವನ್ನು ನಿಸರ್ಗದ ಕೈಯಲ್ಲೇ ಮಾಡಿಸುವ ಯೋಚನೆ ಮುಖ್ಯ.

ನಾಲ್ಕನೆಯದು ನನಗೆ ಅತಿ ಇಷ್ಟವಾದದ್ದು, ಒತ್ತಚ್ಚು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರು ಮರದ ಅಚ್ಚನ್ನು ಒಮ್ಮೆ ಕೆತ್ತಿಸಿಕೊಂಡು ವರ್ಷಾನುಗಟ್ಟಲೆ ಬಳಸುತ್ತಾರೆ. ಹಾಗೇ ಎಲೆಕ್ಟ್ರಾನ್ ಕಿರಣದಲ್ಲಿ 17 ಗಂಟೆ ಕೂತು ಒಂದು ಮೂಲ ಬರೆದು, ಅದರ ಮೇಲೆ ನಿಕ್ಕಲ್ ಪ್ಲೇಟಿಂಗ್ ಮಾಡಿ ಬಿಡಿಸಿಕೊಂಡರೆ ಲೋಹದ ಅಚ್ಚು ಸಿಗುತ್ತೆ. ಪ್ಲಾಸ್ಟಿಕ್ಕಿಗೆ ಸಾವಿರಾರು ಸಲ ಒತ್ತಬಹುದು, ಮೇಲೆ ಚಿನ್ನ ಬಳಿದರೆ ಚಿಪ್ ರೆಡಿ. ಡಿವಿಡಿಗಳನ್ನು ಒತ್ತಿದ್ದು ಹೀಗೆಯೇ. ಅದರ ಸಾಲುಗಳ ನಡುವಿನ ಅಂತರ 740 ನ್ಯಾನೋಮೀಟರ್. ಹಳೇ ಡಿವಿಡಿ ಸೀಳಿ ಅದರ ಸಾಲುಗಳನ್ನೇ ಸೆನ್ಸರ್ ಮಾಡಿಕೊಂಡ ಸಂಶೋಧಕರೂ ಇದ್ದಾರೆ.

ನಮ್ಮ ಬೋರ್‌ವೆಲ್ ನೀರು ಹಾಕಿದರೆ?

ಹಾಗಾದರೆ ತಡೆ ಏನು? ಎರಡಿವೆ.

ಮೊದಲನೆಯದು, ನೂರನೇ ಚಿಪ್ ಮೊದಲನೇ ಚಿಪ್‌ನಂತೆ ಇರಬೇಕು. ಚುಕ್ಕಿಯ ಅಗಲ ಐದು ನ್ಯಾನೋಮೀಟರ್ ಹೆಚ್ಚುಕಮ್ಮಿಯಾದರೂ ಅನುರಣನ ಸರಿಯುತ್ತೆ, ಪ್ರೋಟೀನ್ ಪದರ ಕೂತಾಗ ಸರಿಯುವುದಕ್ಕಿಂತ ಅದು ಕಡಿಮೆಯೇನಲ್ಲ. ಒಂದೇ ಚಿಪ್ಪನ್ನು ಮೊದಲು, ಆಮೇಲೆ ಅಳೆದು ಕಳೆದರೆ ಈ ದೋಷ ಕಡಿಮೆ ಮಾಡಬಹುದು. ಆದರೆ ರಾಮನ್ ಸಂಕೇತಕ್ಕೆ ಬೇಕಾದ ಸಂದಿಗಳಲ್ಲಿ ವ್ಯತ್ಯಾಸ ನಾಲ್ಕನೇ ಘಾತದಲ್ಲಿ ಹೊಡೆಯುತ್ತೆ. ಬೆಳ್ಳಿ ಚಿನ್ನಕ್ಕಿಂತ ಜೋರಾದ ಸಂಕೇತ ಕೊಡುತ್ತೆ, ಆದರೆ ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವಂತೆ ಆ ಚಿಪ್ಪೂ ಗಾಳಿಗೆ ಕಪ್ಪಾಗುತ್ತೆ. ಅಂಗಡಿಯಲ್ಲಿ ಆರು ತಿಂಗಳು ಇಡೋದು ಹೇಗೆ?

ಎರಡನೆಯದು ಇನ್ನೂ ಕಷ್ಟದ್ದು. ಚಿನ್ನಕ್ಕೆ ತನ್ನ ಮೇಲೆ ಏನೋ ಕೂತಿತು ಅನ್ನೋದು ಗೊತ್ತಾಗುತ್ತೆ, ಯಾರು ಕೂತರು ಅನ್ನೋದು ಗೊತ್ತಾಗಲ್ಲ. ಸಿಟ್ರೇಟ್ ಹೊದಿಕೆಯ ಕೆಂಪು ಚಿನ್ನದ ದ್ರಾವಣಕ್ಕೆ ಪಾದರಸ ಅಥವಾ ಸೀಸವನ್ನು ಹಿಡಿಯುವ ಅಣು ಜೋಡಿಸಿದರೆ, ಆ ಲೋಹ ಬಂದಾಗ ಕಣಗಳು ಗುಂಪುಗೂಡಿ ನೀಲಿಯಾಗುತ್ತವೆ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಇದು ಸೊಗಸಾಗಿ ಕಾಣುತ್ತೆ. ಆದರೆ ಬರೀ ಅಡುಗೆ ಉಪ್ಪು ಹಾಕಿದರೂ ಅದೇ ದ್ರಾವಣ ನೀಲಿಯಾಗುತ್ತೆ! ಗಡಸು ನೀರಿನ ಕ್ಯಾಲ್ಸಿಯಂ, ಕೊಳಚೆಯ ಸೋಪು, ಪ್ರೋಟೀನು ಎಲ್ಲವೂ ಆಟ ಕೆಡಿಸುತ್ತವೆ. ವೃಷಭಾವತಿಯ ನೀರಿನಲ್ಲಿ ಇವೆಲ್ಲ ಒಟ್ಟಿಗೆ ಇರುತ್ತವೆ. ನೀಲಿ ಬಂದರೆ ವಿಷ ಇದೆ ಅಂತ ಹೆದರಬೇಕೋ, ಉಪ್ಪು ಇದೆ ಅಂತ ಸುಮ್ಮನಿರಬೇಕೋ?

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ಸೀಸ 0.01, ಪಾದರಸ 0.001 ಮೀರಬಾರದು. ಪ್ಲೇಟಿಂಗ್‌ನಿಂದ ಬರುವ ಅಪಾಯಕಾರಿ ಆರು ವೇಲೆನ್ಸಿಯ ಕ್ರೋಮಿಯಂ ಅಳೆಯೋಕೆ ಡೈಫಿನೈಲ್ ಕಾರ್ಬಜೈಡ್ ಅನ್ನೋ ಹಳೇ ರಾಸಾಯನಿಕ ಇದೆ. ಹಾಕಿದರೆ ನೇರಳೆ ಬಣ್ಣ, 540 ನ್ಯಾನೋಮೀಟರಿನಲ್ಲಿ ಅಳೆದರೆ ಪ್ರಮಾಣ. ಇಲ್ಲಿ ನ್ಯಾನೋ ಏನೂ ಇಲ್ಲ. ಹೊಸ ಸೆನ್ಸರ್ ಗೆಲ್ಲಬೇಕಾದ್ದು ಈ ಹಳೇ ಬಾಟಲಿಯ ಎದುರು.

ಗೆದ್ದವರು ಮಾಡಿದ್ದೇನು?

ಗರ್ಭ ಪರೀಕ್ಷೆಯ ಪಟ್ಟಿ ಗೆದ್ದದ್ದು ಯಾಕೆ? ಅದರಲ್ಲಿ ಆಯ್ಕೆ ಮಾಡೋದು ಆ ಹಾರ್ಮೋನನ್ನು ಮಾತ್ರ ಹಿಡಿಯುವ ಆಂಟಿಬಾಡಿ. ಚಿನ್ನದ ಕೆಲಸ ಕೆಂಪಾಗಿ ಕಾಣೋದು, ಅಷ್ಟೇ. ಕಣದ ಗಾತ್ರ ಸ್ವಲ್ಪ ಹೆಚ್ಚುಕಮ್ಮಿಯಾದರೂ ಉತ್ತರ ಬದಲಾಗಲ್ಲ, ಯಾಕಂದರೆ ಉತ್ತರ ಹೌದು ಅಥವಾ ಇಲ್ಲ ಮಾತ್ರ. ಇನ್ನೊಂದು ದೊಡ್ಡ ಯಶಸ್ಸು 1990ರಲ್ಲಿ ಸ್ವೀಡನ್ನಿನಿಂದ ಮಾರುಕಟ್ಟೆಗೆ ಬಂದ ಬಯಾಕೋರ್ ಯಂತ್ರ. ಔಷಧ ಕಂಪನಿಗಳು ಅಣುಗಳ ಅಂಟುವಿಕೆ ಅಳೆಯೋದು ಅದರಲ್ಲಿ. ಅದರ ಚಿಪ್ ಮೇಲಿರೋದು ಸುಮಾರು 50 ನ್ಯಾನೋಮೀಟರ್ ದಪ್ಪದ ಸಪಾಟು ಚಿನ್ನ, ಚುಕ್ಕಿಯೂ ಇಲ್ಲ, ಸಂದಿಯೂ ಇಲ್ಲ. ಎರಡೂ ಕಡೆ ಲೋಹದ ರಚನೆಯಿಂದ ಬಯಸಿದ್ದು ಕಡಿಮೆ, ಮೇಲ್ಮೈಯ ರಸಾಯನಕ್ಕೆ ಸುರಿದ ಶ್ರಮ ಹೆಚ್ಚು.

ಹಾಗಾಗಿ ಮುಂದಿನ ಸಲ ಹೊಸ ಸೆನ್ಸರ್ ಸುದ್ದಿ ಓದಿದಾಗ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಚಿಪ್ ಮಾಡಿ ನೋಡಿದರು, ಅವುಗಳ ನಡುವೆ ವ್ಯತ್ಯಾಸ ಎಷ್ಟು? ಶುದ್ಧ ನೀರಿನಲ್ಲೋ, ನಿಜವಾದ ಬೋರ್‌ವೆಲ್ ನೀರಿನಲ್ಲೋ? ಎಷ್ಟು ದಿನ ಇಟ್ಟರೂ ಕೆಲಸ ಮಾಡುತ್ತೆ? ಈಗಿರುವ ಅಗ್ಗದ ಪರೀಕ್ಷೆಗಿಂತ ಇದು ಯಾವುದರಲ್ಲಿ ಮೇಲು? ನಾಲ್ಕರಲ್ಲಿ ಎರಡಕ್ಕಾದರೂ ಉತ್ತರ ಇಲ್ಲದಿದ್ದರೆ ಅದು ಒಳ್ಳೆಯ ಸಂಶೋಧನೆ ಇರಬಹುದು, ಸೆನ್ಸರ್ ಅಲ್ಲ.

ಇದನ್ನು ವಿಜ್ಞಾನಿಗಳ ಮೇಲಿನ ದೂರು ಅಂತ ಓದಬೇಡಿ. ನೂರು ಚಿಪ್ ಮಾಡಿ ಎಲ್ಲವೂ ಒಂದೇ ಥರ ಇವೆ ಅಂತ ತೋರಿಸುವ ಕೆಲಸಕ್ಕೆ ದೊಡ್ಡ ಪತ್ರಿಕೆಯಲ್ಲಿ ಜಾಗ ಸಿಗೋದು ಕಷ್ಟ, ಅದಕ್ಕೆ ಡಾಕ್ಟರೇಟೂ ಸುಲಭವಾಗಿ ಬರಲ್ಲ. ಹೊಸತಿಗೆ ಬಹುಮಾನ, ಮರುಕಳಿಕೆಗೆ ಇಲ್ಲ. ಇದನ್ನು ಬದಲಿಸಬೇಕಾದವರು ಹಣ ಕೊಡುವವರು, ಅಂದರೆ ಸರ್ಕಾರ. ಅಡಿಪಾಯ ಈಗಾಗಲೇ ಇದೆ. ಕೇಂದ್ರ ಸರ್ಕಾರದ ನೆರವಿನ ಭಾರತೀಯ ನ್ಯಾನೋಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದಡಿ ಬೇರೆ ಬೇರೆ ಊರಿನ ಕಾಲೇಜಿನವರೂ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಲೀನ್ ರೂಮ್ ಬಳಸಬಹುದು.

ಇನ್ನು ಬೇಕಾದ್ದು ಎರಡು ಕೊಂಡಿ. ಒಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಯೋಗಾಲಯ ಅಳೆದ ಅದೇ ನೀರನ್ನು ಸೆನ್ಸರ್ ಮಾಡುವವರಿಗೂ ಕೊಟ್ಟು, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಪ್ರಕಟಿಸೋದು. ಇನ್ನೊಂದು, ಪೀಣ್ಯ, ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾಗಳ ಕೈ. ಪ್ಲೇಟಿಂಗ್ ಶೆಡ್ ಅಂದರೆ ನಮಗೆ ನೆನಪಾಗೋದು ಚರಂಡಿಗೆ ಇಳಿಯುವ ಹಸಿರು, ಹಳದಿ ನೀರು. ಆದರೆ ನಿಕ್ಕಲ್ ಅಚ್ಚು ಅಂದರೆ ಕೊನೆಗೂ ಪ್ಲೇಟಿಂಗೇ. ದ್ರಾವಣದ ಹದ, ಪ್ರವಾಹದ ಹದ, ಲೋಹ ಸಿಪ್ಪೆ ಏಳದಂತೆ ಕೂರಿಸುವ ಕಲೆ ದಶಕಗಳಿಂದ ಇರುವುದು ಅಲ್ಲಿನ ಕಾರ್ಮಿಕರ ಕೈಯಲ್ಲಿ. ಚುಕ್ಕಿಯನ್ನು ಒಮ್ಮೆ ಇಡೋದನ್ನು ಕ್ಲೀನ್ ರೂಮ್ ಕಲಿತಾಗಿದೆ. ಅದೇ ಚುಕ್ಕಿಯನ್ನು ಹತ್ತು ಸಾವಿರ ಸಲ ಇಡೋದು ಕಾರ್ಖಾನೆಯ ವಿದ್ಯೆ, ಆ ಕಾರ್ಖಾನೆಗಳು ಇರೋದು ನಮ್ಮ ಬಡಾವಣೆಯ ಪಕ್ಕದಲ್ಲೇ.